ಆರಕ್ಕೆ ಸರಿಯಾಗಿ ಬಂದ ಮಿಸ್ ಕಾಲ್

ಆ ಭಾನುವಾರ ಬೆಳಗ್ಗೆ ಉತ್ತಮನ ನಂಬರಿನಿಂದ ಒಂದೇ ಒಂದು ಮಿಸ್ ಕಾಲ್ ಬಂದಾಗ ನಾನು ಖುಷಿಯಿಂದ ತೊಡೆ ತಟ್ಟಿಕೊಂಡೆ. ಸುಸನ್ನಾ ಸಿಸ್ಟರ್ ಮಾತ್ರ ಚಹಾ ಕಪ್ಪನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು.

ನನ್ನ ಖುಷಿಗೆ ಕಾರಣವಿತ್ತು. ಬೀದರ, ಭಾಲ್ಕಿ, ಔರಾದ ಕಡೆಯ ಹನ್ನೊಂದು ಮಂದಿ ಮಾಜಿ ಸೈನಿಕರದು ಒಂದು ಬಳಗ. ಪಲ್ಟನ್ ಬಿಟ್ಟು ಬಂದರೂ ಪಲ್ಟನ್ ನಮ್ಮ ತಲೆ ಬಿಟ್ಟಿರಲಿಲ್ಲ. ನಿದ್ದೆ ಬಾರದವರು, ಸುಮ್ಮಸುಮ್ಮನೆ ಬೆಚ್ಚುವವರು, ಹೆಂಡತಿ ಮಕ್ಕಳ ಮೇಲೆ ಹರಿಹಾಯುವವರು ನಾವು. ಹರಿಹಾಯುವವರ ಪೈಕಿ ನಾನು ಮೊದಲಿಗ, ಸೇನೆಯಲ್ಲಿ ಲಾರಿ ಓಡಿಸುತ್ತಿದ್ದ ಜನವಾಡದ ಕಪಿಲ. ಮೂವತ್ತು ವರ್ಷ ಮಾನಸಿಕ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದ ಸುಸನ್ನಾ ಸಿಸ್ಟರ್, ಬೀದರಿನ ಮಂಗಲಪೇಟೆಯ ತಮ್ಮ ಮನೆಯಲ್ಲಿ ನಮ್ಮನ್ನೆಲ್ಲ ಒಟ್ಟುಗೂಡಿಸಿದ್ದರು. ಆ ಓಣಿಯಲ್ಲಿ ಉಂಗುರ ಕಳೆದರೂ ಸೊಸೆ ಕಾಣೆಯಾದರೂ ಜನ ಠಾಣೆಗಿಂತ ಮೊದಲು ಅವರ ಬಾಗಿಲು ಬಡಿಯುತ್ತಿದ್ದರು. ಅಂಥ ಕಣ್ಣು ಅವರದು.

ಬಳಗದ ನಿಯಮ ಸರಳ. ಪ್ರತಿದಿನ ಬೆಳಗಿನ ಆರು ಗಂಟೆಗೆ ಹಾಜರಿ. ಎಲ್ಲರೂ ಸಿಸ್ಟರ್ ಫೋನಿಗೆ ಮಿಸ್ ಕಾಲ್ ಕೊಡಬೇಕು. ಭಾನುವಾರ ಅವರ ಮನೆಗೆ ಹೋಗಿ ಹಾಜರಿ ಬರೆಯುವ ಕೆಲಸ ನನ್ನದು. ಒಂದು ಕೊಟ್ಟರೆ ನಿದ್ದೆಯಾಗಿದೆ ಎಂದರ್ಥ. ಎರಡು ಕೊಟ್ಟರೆ ನಿದ್ದೆಯಿಲ್ಲ, ಆದರೂ ನಡೆದೀತು. ಮೂರು ಕೊಟ್ಟರೆ, ಬನ್ನಿ. ಕರೆಯೇ ಬಾರದಿದ್ದರೆ ಇಬ್ಬರು ಬೈಕ್ ಹತ್ತಿ ಅವನ ಮನೆಗೆ ಹೋಗುವುದು. ಒಂದು, ಎರಡು, ಮೂರರ ಈ ಅರ್ಥ ಮನೆಯವರಿಗೆ ಹೇಳಬಾರದೆಂದು ನಾವೇ ಹಟ ಹಿಡಿದು ಮಾಡಿಸಿಕೊಂಡಿದ್ದೆವು. ಮರ್ಯಾದೆಯ ಪ್ರಶ್ನೆ ನೋಡಿ.

ಭಾಲ್ಕಿಯ ಉತ್ತಮ ಎಂಟು ತಿಂಗಳಿಂದ ಒಂದು ದಿನವೂ ತಪ್ಪದೆ ಎರಡೇ ಕೊಟ್ಟವನು. ಅವನಿದ್ದ ಲಾರಿ ಸ್ಫೋಟಕ್ಕೆ ಸಿಕ್ಕಿ, ಮುಚ್ಚಿದ ಹಿಂಭಾಗದಲ್ಲಿ ಮೂವರು ಗೆಳೆಯರು ಅವನ ಪಕ್ಕದಲ್ಲೇ ಸತ್ತಿದ್ದರು. ಅಂದಿನಿಂದ ಅವನು ಬಸ್ಸು ಹತ್ತಿಲ್ಲ, ಕದ ಹಾಕಿದ ಕೋಣೆಯಲ್ಲಿ ಮಲಗಿಲ್ಲ. ಮನೆಯವರಿಗೆ ಸೆಕೆಯ ನೆಪ ಹೇಳುತ್ತಿದ್ದ.

"ಉತ್ತಮಗ ನಿದ್ದಿ ಹತ್ತೇದ್ರಿ ಸಿಸ್ಟರ್!" ಎಂದೆ. ಉಳಿದವರ ಕರೆಗಳೆಲ್ಲ ಐದು ಐವತ್ತೈದರೊಳಗೆ ಬಂದು ಮುಗಿದಿದ್ದವು. ಅವನ ಹೆಸರಿನ ಮುಂದೆ ಆರು ಗಂಟೆ, ಒಂದು ಕರೆ ಎಂದು ಹಾಜರಿ ವಹಿಯಲ್ಲಿ ಬರೆದೆ.

ಸಿಸ್ಟರ್ ಆ ಸಾಲನ್ನೇ ನೋಡುತ್ತ ಉತ್ತಮನಿಗೆ ಫೋನು ಹಚ್ಚಿದರು. ಸ್ವಿಚ್ ಆಫ್. ಎರಡು ಸಲ ಅಂಗಳಕ್ಕೆ ಹೋಗಿ ಬಂದರು.

"ಕಪಿಲ, ಗಾಡಿ ತಗಿ. ಭಾಲ್ಕಿಗಿ ಹೋಗಮು."

"ಇವತ್ತ ಚರ್ಚ್ ಅದಲ್ರಿ?"

"ದೇವ್ರು ಎಲ್ಲೂ ಹೋಗಲ್ಲ. ಉತ್ತಮ ಹೋಗ್ಯಾನೇನೋ ಅಂತ ಅಂಜಿಕಿ."

ಹಿಂದಿನ ಸೀಟಿನಲ್ಲಿ ಕುಳಿತ ಅರವತ್ತಾರರ ಆ ಹೆಂಗಸು ದಾರಿಯುದ್ದಕ್ಕೂ ನನ್ನ ಭುಜ ತಟ್ಟಿ "ಜಲ್ದಿ, ಜಲ್ದಿ" ಎನ್ನುತ್ತಿದ್ದರು.

ಏಳೂವರೆಗೆ ಭಾಲ್ಕಿ ಮುಟ್ಟಿದೆವು. ಉತ್ತಮನ ಮನೆಯ ಮುಂದೆ ರಂಗೋಲಿ, ಒಳಗೆ ಅವಲಕ್ಕಿಯ ಒಗ್ಗರಣೆಯ ವಾಸನೆ. ಹನ್ನೊಂದಕ್ಕೆ ಔರಾದದಿಂದ ಗಂಡಿನವರು ಮಗಳು ಪ್ರಣಾಲಿಯನ್ನು ನೋಡಲು ಬರುವವರಿದ್ದರು. ಉತ್ತಮನ ಹೆಂಡತಿ ಶಾಲುಬಾಯಿ ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡರು.

"ಅವ್ರು ಮನ್ಯಾಗ ಇಲ್ರಿ ಸಿಸ್ಟರ್. ನಿನ್ನಿ ಸಂಜಿಕ್ಕ ಠಾಣಾ ಕುಶನೂರಿಗಿ ಹೋಗ್ಯಾರ, ಪಂಢರಿ ಅಣ್ಣೋರ ಮನಿಗಿ. ನಾ ಬಜಾರಕ್ಕ ಹೋಗಿ ಬರೂದ್ರಾಗ ತಂಪೊತ್ತಿನ್ಯಾಗ ಬಸ್ ಹತ್ತಿಸಿ ಬಂದೆ ಅಂದ ನಮ್ಮ ಮೈದುನ ವಿಶ್ವಾಸ."

"ಮಗಳ್ನ ನೋಡ್ಲಿಕ್ಕಿ ಬರೋ ದಿನ?"

ಆಕೆ ತಲೆ ತಗ್ಗಿಸಿದರು. "ಮಂದ್ಯಾಗ ಕೂಡ್ಲಿಕ್ಕಿ ಅವ್ರಿಗಿ ಆಗಲ್ರಿ. ಯಾಕ್ರಿ, ಇವತ್ತ ಫೋನ್ ಮಾಡಿಲ್ಲೇನ್ರಿ ನಿಮಗ?"

"ಬಂದದ."

"ಹಂಗಿದ್ರ ಚಲೋ ಅದಾರಲ್ರಿ!" ಎಂದು ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡರು.

"ದಿನಾ ಎಷ್ಟಕ್ಕ ಹಚ್ತಾನ ಫೋನು?"

"ಆರಕ್ಕ ಐದು ಮಿನಿಟ್ ಕಮ್ಮಿ ಇರ್ತದ್ರಿ. ಅವ್ರು ಫೋನ್ ಹಿಡಿದ್ರ ನಾ ಚಹಾಕ್ಕ ನೀರ್ ಇಡ್ತೇನಿ."

ನಾನು ಪಂಢರಿಯ ಹೆಸರು ಕೇಳಿದ್ದೇ ಸಿಟ್ಟಿಗೆದ್ದಿದ್ದೆ. ಹೋದ ವಾರವಷ್ಟೇ ಬಳಗದ ಸಭೆಯಲ್ಲಿ ಅವನಿಗೂ ಉತ್ತಮನಿಗೂ ಮಾತಿಗೆ ಮಾತು ಬೆಳೆದಿತ್ತು. ಗುಳಿಗೆ ನುಂಗುವವನು ಎಂಥ ಸೈನಿಕ ಎಂದು ಪಂಢರಿ ಹಂಗಿಸಿದ್ದ. ಸಿಸ್ಟರನ್ನು ಅಂಗಳಕ್ಕೆ ಕರೆದು, "ಪಂಢರಿನೇ ಏನೋ ಮಾಡ್ಯಾನ್ರಿ. ಅವನೇ ಆ ಫೋನ್ ಹಚ್ಚಿರಬೇಕು" ಎಂದೆ. ಅವರು ಒಳಗೆ ಹಿಂತಿರುಗಿ ಮನೆಯಲ್ಲೆಲ್ಲ ಕಣ್ಣಾಡಿಸಿದರು. ಉತ್ತಮನ ಮಂಚದ ಮೇಲೆ ಕಂಬಳಿ ಇರಲಿಲ್ಲ. ಗೋಡೆಯ ಗೂಡಿನಲ್ಲಿ ದಿನಕ್ಕೊಂದು ಖಾನೆಯಿದ್ದ ಅವನ ಗುಳಿಗೆ ಡಬ್ಬಿ ಇತ್ತು. ಶನಿವಾರ ರಾತ್ರಿಯ ಗುಳಿಗೆಯೂ ಭಾನುವಾರ ಬೆಳಗಿನದೂ ಹಾಗೆಯೇ ಇದ್ದವು.

ಅಷ್ಟರಲ್ಲಿ ಉತ್ತಮನ ತಮ್ಮ ವಿಶ್ವಾಸ ಕುರ್ಚಿಗಳನ್ನು ಹೊತ್ತ ತನ್ನ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದ. ಅದೇ ಓಣಿಯಲ್ಲಿ ಅವನ ಬೇರೆ ಮನೆ. ಸುತ್ತ ಮುಚ್ಚಿಲ್ಲದ ಆ ಟೆಂಪೋದ ಹಿಂಭಾಗದಲ್ಲಿ ಸೋಯಾಬೀನ್ ಹೊಟ್ಟು ಉದುರಿತ್ತು, ಗಾಲಿಗಳಿಗೆ ಹೊಲದ ಕರಿಮಣ್ಣು ಮೆತ್ತಿತ್ತು.

"ಸಿಸ್ಟರ್, ನಮಸ್ಕಾರ್ರಿ. ಅಣ್ಣ ಆರಾಮ ಅದಾನ್ರಿ. ನಿಮ್ಮ ಆರು ಗಂಟಿ ಫೋನ್ ಬಂದಿರಬೇಕಲ್ರಿ? ಮತ್ಯಾಕ ಇಷ್ಟ ದೂರ ತ್ರಾಸ ತಗೊಂಡ್ರಿ?"

"ಮುದುಕಿಗಿ ಸುಮ್ಮ ಕೂಡ್ಲಿಕ್ಕಿ ಆಗಲ್ಲಪ್ಪ. ಕುಶನೂರದಾಗ ನಿಮ್ದು ಹೊಲ ಅದಲ್ಲ?"

"ನಮ್ಮವ್ವನ ಪಾಲಿಂದು. ಯಾಕ್ರಿ?"

"ಹಂಗೇ ಕೇಳ್ದೆ" ಎಂದವರು ಬೇವಿನ ಗಿಡದ ಕೆಳಗೆ ಹೋಗಿ, ನನ್ನ ಮೈ ಉರಿಯುವಂತೆ, ಪಂಢರಿಗೇ ಫೋನು ಹಚ್ಚಿದರು. ಉತ್ತಮ ಅವನ ಮನೆಗೆ ಬಂದೇ ಇರಲಿಲ್ಲ. "ಉತ್ತಮನ ಹೊಲದಾಗ ಖೋಲಿ ಅದಲ್ಲ, ಅಲ್ಲಿ ನೋಡು. ಓಡು" ಎಂದಷ್ಟೇ ಹೇಳಿದರು.

ಆಮೇಲಿನ ಇಪ್ಪತ್ತು ನಿಮಿಷ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಬೈಕಿನ ಕೀಲಿ ಹಾಕುವುದು, ತೆಗೆಯುವುದು. ಹೊಲದ ಖೋಲಿ ಎಂದರೆ ಗೊಬ್ಬರ, ಬೆಳೆಗೆ ಹೊಡೆಯುವ ವಿಷದ ಎಣ್ಣೆ, ಹಗ್ಗ ಎಲ್ಲ ಇಡುವ ಜಾಗ. ಯೋಚನೆ ಎಲ್ಲೆಲ್ಲಿಗೋ ಹೋಗುತ್ತಿತ್ತು. ಫೋನು ಬಂದಾಗ ಸಿಸ್ಟರ್ ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಜೀವ ಅದ" ಎಂದರು. ನಾನು ಅಲ್ಲೇ ಮಣ್ಣಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಪಂಢರಿ ಉತ್ತಮನನ್ನು ತನ್ನ ಬೈಕಿನಲ್ಲಿ ಕರೆತಂದಾಗ ಹತ್ತು ಗಂಟೆ. ಉತ್ತಮನ ಮುಖ ಬಿಳಿಚಿತ್ತು, ಬೆರಳ ಗೆಣ್ಣುಗಳೆಲ್ಲ ತರಚಿದ್ದವು. ಸಿಸ್ಟರ್ ಅವನ ನಾಡಿ ನೋಡಿ, ನೀರು ಕುಡಿಸಿ, ಗುಳಿಗೆ ಕೊಟ್ಟು, ಬಾಗಿಲು ಕಿಟಕಿಗಳನ್ನೆಲ್ಲ ತೆಗೆಸಿ, ಗಂಡಿನವರಿಗಾಗಿ ಹಾಕಿದ್ದ ಕುರ್ಚಿಗಳಲ್ಲೇ ಎಲ್ಲರನ್ನೂ ಕೂರಿಸಿದರು. ಪ್ರಣಾಲಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಇವತ್ತಿನ ಫೋನ್ ಉತ್ತಮ ಮಾಡಿಲ್ಲ" ಎಂದು ಸಿಸ್ಟರ್ ಶುರುಮಾಡಿದರು. "ನಮ್ಮ ಗುಂಪಿನ್ಯಾಗ ಒಂದು ಕರಿ ಬಂದ್ರ ನಿದ್ದಿ ಆಗೇದ ಅಂತ, ಎರಡು ಬಂದ್ರ ಆಗಿಲ್ಲ ಅಂತ. ಉತ್ತಮ ಎಂಟು ತಿಂಗಳು ಎರಡು ಕೊಟ್ಟಾನ. ಇವತ್ತ ಒಂದು. ಖರೇ ನಿದ್ದಿ ಬಂದಿದ್ರ ನಾನೂ ಕುಣಿತಿದ್ದೆ. ಆದ್ರ ಕರಿ ಬಂದಿದ್ದು ಆರಕ್ಕ ಸರಿಯಾಗಿ."

"ಆರಕ್ಕೇ ಅಲ್ರಿ ಬರಬೇಕಾದ್ದು?" ಎಂದ ವಿಶ್ವಾಸ.

"ಇವ್ರನ್ನ ಕೇಳು. ಪಲ್ಟನ್ಯಾಗ ಆರಕ್ಕ ಹಾಜರಿ ಅಂದ್ರ ಐದು ಮಿನಿಟ್ ಮೊದಲೇ ಸಾಲಾಗಿ ನಿಂತಿರಬೇಕು. ಆರಕ್ಕ ಬಂದವ ತಡಾ ಮಾಡಿದವ. ಹನ್ನೊಂದು ಮಂದಿನೂ ಹಂಗೇ. ಪಂಢರಿ ಫೋನ್ ಹಿಡಿದಿದ್ರ ಅವನ ಕೈನೂ ಐವತ್ತೈದಕ್ಕೇ ಏಳ್ತಿತ್ತು."

ನಾನು ಪಂಢರಿಯ ಮುಖ ನೋಡಲಾರದೆ ಮೀಸೆ ತಿರುವಿಕೊಂಡೆ.

"ಶಾಲುಬಾಯಿ ಅಲ್ಲ, ಯಾಕಂದ್ರ ಆಕಿಗಿ ವ್ಯಾಳ್ಯಾ ಗೊತ್ತದ, ಚಹಾ ಇಡ್ತಾಳ. ಮಗಳೂ ಅದೇ ಮನ್ಯಾಗ ಇರೋಳು. ಆರು ಗಂಟಿ ಫೋನು ಅಂತ ಹೆಸರು ಕೇಳಿದವ, ಮಾಡೂದು ಕಣ್ಣಿಲೆ ನೋಡಿಲ್ಲದವ ಬೇಕಿತ್ತು. ಬ್ಯಾರೆ ಮನ್ಯಾಗ ಇರೋ ವಿಶ್ವಾಸ. ಬಸ್ ಹತ್ತಿಸಿದೆ ಅಂದ. ಉತ್ತಮ ಬಸ್ ಹತ್ತಲ್ಲ. ತಾನೇ ಹೋಗಿದ್ರ ಗುಳಿಗಿ ಬಿಟ್ಟು ಹೋಗ್ತಿದ್ದಿಲ್ಲ. ಕಂಬಳಿ ಹೋಗೇದ, ಗುಳಿಗಿ ಉಳಿದಾವ. ಅಂದ್ರ ಗಂಟು ಕಟ್ಟಿದವಗ ಗುಳಿಗಿ ವಿಷಯ ಗೊತ್ತಿಲ್ಲ. ಉತ್ತಮ ಹತ್ತೂ ಗಾಡಿ ಅಂದ್ರ ಮ್ಯಾಲ ಮುಚ್ಚಿಲ್ಲದ್ದು, ಅದು ಹೊಲದ ಮಣ್ಣು ಹೊತ್ತು ಬಾಗಲಿಗೇ ಬಂತು. ಅವಸರದಾಗ ಸುಳ್ಳು ಹೇಳಾವ ಬಸ್ ಅಂತಾನ, ಊರು ಮಾತ್ರ ಖರೇದೇ ಹೇಳಿಬಿಡ್ತಾನ."

ವಿಶ್ವಾಸ ಎದ್ದು ನಿಂತ. "ಹೌದ್ರಿ, ನಾನೇ! ದೀಪಾವಳ್ಯಾಗ ಪಟಾಕಿ ಹಾರಿದ್ದಕ್ಕ ಅಣ್ಣ ನಡುರಸ್ತಾದಾಗ ಬೋರಲ ಬಿದ್ದ. ಮಂದಿ ನಕ್ರು. ಒಂದು ಸಂಬಂಧ ಆವಾಗೇ ಮುರೀತು. ಇದೂ ಮುರೀಬಾರದು ಅಂತ ಒಂದು ದಿನ ಅಲ್ಲಿರು ಅಂದೆ, ಅಣ್ಣ ಹೂಂ ಅಂದ. ಬಿಸ್ಕಿಟು, ನೀರು ಎಲ್ಲಾ ಇಟ್ಟಿದ್ದೆ. ಫೋನ್ ಬರ್ದಿದ್ರ ನಿಮ್ಮ ಮಂದಿ ಬೈಕ್ ಹಚ್ಚಿ ಬರ್ತೀರಿ ಅಂತ ಅಣ್ಣನ ಫೋನ್ ಅವಗ ಗೊತ್ತಾಗದಂಗ ತಗೊಂಡು ಆರಕ್ಕ ನಾನೇ ಮಿಸ್ ಕಾಲ್ ಕೊಟ್ಟೆ."

"ಬಾಗಲಾ?" ಎಂದ ಪಂಢರಿ. "ಹೊರಗಿಂದ ಚಿಲಕ ಯಾಕ ಹಾಕ್ದಿ?"

"ನಡೂವ ತಿರುಗಿ ಬಂದುಗಿಂದಾನ ಅಂತ…"

"ನಾ ಹೋದಾಗ ಬಾಗಲಾ ಬಡಿಯೂದೂ ಬಿಟ್ಟು ಮೂಲ್ಯಾಗ ಮುದುಡಿ ಕುಂತಿದ್ದ."

ಉತ್ತಮ ಮೊದಲ ಬಾರಿಗೆ ಬಾಯಿ ತೆರೆದ. "ಹೋಗ್ಲಿಕ್ಕಿ ನಾನೇ ಒಪ್ಪಿದ್ದೆ. ನಾ ಇಲ್ಲಂದ್ರ ಮಗಳಿಗಿ ಚಲೋ ಆಗ್ತದ ಅಂತ ನನಗೂ ಅನ್ನಿಸ್ತು. ಆದ್ರ ಚಿಲಕದ ಸಪ್ಪಳ ಕೇಳಿದಾಗ ಲಾರಿ ನೆನಪಾತು. ಮುಂಜಾನಿ ಮೂರು ಕರಿ ಕೊಡಬೇಕಂತ ಕಿಸೆದಾಗ ಫೋನ್ ಹುಡುಕಿದೆ. ಇದ್ದಿಲ್ಲ. ಇನ್ನೊಂದು ತಾಸು ಯಾರೂ ಬರ್ದಿದ್ರ ಏನ್ ಮಾಡ್ಕೋತಿದ್ದೆನೋ ನನಗ ಗೊತ್ತಿಲ್ಲ."

ಶಾಲುಬಾಯಿ ಗಂಡನ ತರಚಿದ ಕೈ ಹಿಡಿದುಕೊಂಡು, "ಸೆಕಿ ಅಂತ ಹೇಳ್ತಿದ್ರಲ್ರಿ… ಬಾಗಲಾ ತಗದು ಮಲಗೂದು ಸೆಕಿಗಿ ಅಂತ!" ಎಂದು ಗೊಳೋ ಎಂದರು.

ವಿಶ್ವಾಸ ಅಣ್ಣನ ಕಾಲ ಬಳಿ ಕುಸಿದ. "ನನಗ ಯಾರೂ ಹೇಳಿಲ್ಲಣ್ಣ. ಗೊತ್ತಿದ್ರ ಚಿಲಕ ಹಾಕ್ತಿದ್ನಾ?"

"ಹೇಳಬಾರದು ಅಂತ ನಿಯಮ ಮಾಡಿದ್ದು ಇವ್ರು, ಹೂಂ ಅಂದಿದ್ದು ನಾನು" ಎಂದರು ಸಿಸ್ಟರ್. "ನೀ ಚಿಲಕ ಹಾಕಿದ್ದು ತಪ್ಪು ವಿಶ್ವಾಸ, ದೊಡ್ಡ ತಪ್ಪು. ಆದ್ರ ಮನಿಮಂದಿಗಿ ಬಾಗಲಾ ಹಾಕಿ ಕುಂತಿದ್ದು ನಮ್ಮ ತಪ್ಪು. ಬರೋ ಐತವಾರದಿಂದ ಹೆಂಡ್ರು, ಮಕ್ಕಳು, ತಮ್ಮಂದ್ರು ಎಲ್ಲಾರೂ ನಮ್ಮ ಸಭಾಕ್ಕ ಬರಬೇಕು."

ಹೊರಗೆ ಜೀಪು ನಿಂತ ಸದ್ದಾಯಿತು. ಗಂಡಿನವರು! ವಿಶ್ವಾಸ ಗಾಬರಿಯಾಗಿ ಅಣ್ಣನನ್ನೂ ಬಾಗಿಲನ್ನೂ ನೋಡಿದ. ಉತ್ತಮ ಶರ್ಟಿನ ಗುಂಡಿ ಸರಿಮಾಡಿಕೊಂಡು ತಾನೇ ಹೊಸ್ತಿಲಿಗೆ ಹೋಗಿ ಕೈಮುಗಿದ.

"ಬರ್ರಿ. ನಾ ಹುಡುಗಿ ಅಪ್ಪ. ಫೌಜಿನ್ಯಾಗ ಇದ್ದೆ. ದೊಡ್ಡ ಸಪ್ಪಳಾದ್ರ ಬೆಚ್ತೇನಿ, ಗುಳಿಗಿ ತಗೋತೇನಿ. ಇದನ್ನ ಕೇಳಿ ತಿರುಗಿ ಹೋಗೂದಿದ್ರ ನಂಗ ಸಿಟ್ಟಿಲ್ಲ. ಕೂಡೂದಿದ್ರ ಒಳಗ ಬರ್ರಿ."

ಬಂದವರು ಐದು ಮಂದಿ. ಹುಡುಗ ಮತ್ತು ಅವನ ತಾಯಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಉಳಿದ ಮೂವರು ಮುಖ ಮುಖ ನೋಡಿಕೊಂಡು, ತಡೆದು, ಹಿಂದೆ ಬಂದರು. ನನ್ನ ಕಾಲು ಸುಮ್ಮನೆ ಅಲ್ಲಾಡುತ್ತಿತ್ತು, ಪಂಢರಿ ಅದರ ಮೇಲೆ ಕೈಯಿಟ್ಟ.

ಪ್ರಣಾಲಿ ಚಹಾದ ತಟ್ಟೆ ತಂದಳು. ಹುಡುಗಿ ಮೊದಲ ಕಪ್ಪು ಗಂಡಿನ ಕಡೆಯ ಹಿರಿಯರಿಗೆ ಕೊಡುವುದು ನಮ್ಮ ಕಡೆಯ ವಾಡಿಕೆ. ಆ ಹಿರಿಯರು ಕೈ ಚಾಚಿದ್ದರು ಕೂಡ. ಪ್ರಣಾಲಿ ಅವರ ಮುಂದಿನಿಂದ ಹಾದು ಹೋಗಿ, ತಂದೆಯ ಮುಂದೆ ಬಗ್ಗಿದಳು.

"ಪಪ್ಪಾ, ಮೊದಲ ನೀವು ತಗೋರಿ. ನಿನ್ನಿ ಸಂಜಿಯಿಂದ ಚಹಾ ಕುಡದಿಲ್ಲ."

ಉತ್ತಮ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲರ ಎದುರಿಗೆ, ನಿಧಾನವಾಗಿ ಪೂರ್ತಿ ಕುಡಿದ.