ವಧುವಿನ ಹೆಸರಿನ ಜಾಗ

“ಈ ಅಕ್ಷರಾನ ಔಷಧಿ ಲೇಬಲ್ಲಿಗೆ ಹಾಕಿದೋರು ಯಾರು?”

ಪ್ರೆಸ್ಸಿನ ಬಾಗಿಲಲ್ಲಿ ನಿಂತವನ ದನಿಗೆ ಅವಳು ಕಂಪ್ಯೂಟರಿನಿಂದ ತಲೆಯೆತ್ತಿದಳು. ಆ ಅಕ್ಷರದ ಫಾಂಟ್ ರಚಿಸಿದವನೇ ಬಂದಿದ್ದ. ತೆಳ್ಳಗೆ ಬಲಕ್ಕೆ ವಾಲಿದ, ತುದಿಗಳಲ್ಲಿ ಪುಟ್ಟ ಪಾದಗಳಿರುವ ಆ ಇಟಾಲಿಕ್ ಅವನ ಎಷ್ಟೋ ವರ್ಷದ ದುಡಿಮೆ.

“ನಾನೇ. ಚೆನ್ನಾಗಿದೆ ಅಂತ ಹಾಕ್ದೆ.”

“ಚೆನ್ನಾಗಿದ್ರೆ ಸಾಕಾ? ಕಣ್ಣು ಮಂಜಾದವರೂ ಓದ್ಬೇಕಲ್ವಾ? ಇದು ಕವನಕ್ಕೆ, ಮದುವೆ ಕಾರ್ಡಿಗೆ, ಕಥೆಯಲ್ಲಿ ಬರೋ ಮನಸ್ಸಿನ ಮಾತಿಗೆ. ಮೆಲ್ಲಗೆ ಹೇಳೋ ಮಾತಿಗೆ ಮಾತ್ರ.”

ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ. ಆದರೂ ಅವಳಿಗೆ ಕೋಪ ಬರಲಿಲ್ಲ. ಅಮ್ಮ ಹೋದ ಮೇಲೆ ಅವಳೊಂದಿಗೆ ಇಷ್ಟು ಮಾತಾಡಿದವರೇ ಇರಲಿಲ್ಲ. ದಿನವಿಡೀ ಊರವರ ಮದುವೆ ಕಾರ್ಡು ಜೋಡಿಸುವುದು, ಮನೆಗೆ ಹೋಗಿ ಒಬ್ಬಳೇ ಉಣ್ಣುವುದು... ಇಷ್ಟೇ ಅವಳ ಬದುಕು.

ಅಕ್ಷರಗಳ ನಡುವಿನ ಜಾಗ ತಿದ್ದುವ ನೆಪದಲ್ಲಿ ಅವನು ಮತ್ತೆ ಮತ್ತೆ ಬಂದ.

“ಈ ವಾಲಿದ ಅಕ್ಷರ ಒಂದನ್ನೇ ನಿಲ್ಲಿಸಿದ್ರೆ ಬಿದ್ದೇ ಹೋಗುತ್ತೇನೋ ಅನ್ಸುತ್ತೆ, ನೋಡಿ. ಪಕ್ಕಕ್ಕೆ ಇನ್ನೊಂದು ಬರಲಿ, ಎರಡೂ ಸೇರಿ ಎಲ್ಲಿಗೋ ಹೊರಟ ಹಾಗಿರುತ್ತೆ.”

ಅವತ್ತು ಮನೆಯ ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿ ಅದೇ ಮಾತು.

ಆಮೇಲೊಂದು ದಿನ ಅವನು ಕಳಿಸಿದ ಮದುವೆ ಕಾರ್ಡನ್ನು ಪರದೆಯಲ್ಲಿ ತೆರೆದಳು. ವರನ ಜಾಗದಲ್ಲಿ ಅವನದೇ ಹೆಸರು. ವಧುವಿನ ಜಾಗ ಖಾಲಿ.

ಆ ಪ್ರೆಸ್ಸಿನಲ್ಲಿ ಗಿರಾಕಿಗಳಿಗೆ ತೋರಿಸುವ ಮಾದರಿ ಕಾರ್ಡಿಗೆ ನಿಜವಾದ ಹೆಸರು ಹಾಕುವಂತಿಲ್ಲ. ಹಾಕಿದರೆ ಮದುವೆ ತಪ್ಪುತ್ತದೆ ಎಂದು ಯಜಮಾನರ ನಂಬಿಕೆ. ಅಂದರೆ ಇದು ಅವನ ನಿಜವಾದ ಮದುವೆಯೇ, ಯಾರೋ ಹುಡುಗಿಯ ಜೊತೆ... ಅವಳು ಕಾರ್ಡು ಮುಚ್ಚಿಬಿಟ್ಟಳು.

ಮುಂದೆ ಅವನು ಬಂದಾಗಲೆಲ್ಲ “ಯಜಮಾನರನ್ನ ಕೇಳಿ” ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ಎಲ್ಲ ಕಾರ್ಡುಗಳಿಗೂ ನೆಟ್ಟಗಿನ ಅಕ್ಷರ ಹಾಕಿದಳು. ಕೊನೆಗೆ ಅವನು ಅವಳ ಮೇಜಿನ ಎದುರೇ ಬಂದು ನಿಂತ.

“ನನ್ನ ಅಕ್ಷರ ಎಲ್ಲಾ ಕಡೆಯಿಂದ ತೆಗೆದುಬಿಟ್ರಿ. ಏನು ತಪ್ಪು ಮಾಡ್ದೆ, ಹೇಳಿ.”

“ನಿಮ್ಮ ಕಾರ್ಡು ಎಷ್ಟು ಬೇಕು, ಅದನ್ನ ಹೇಳಿ. ಹುಡುಗಿ ಹೆಸರು ಕೊಟ್ಟರೆ ಮುಗಿಸ್ಕೊಡ್ತೀನಿ.”

“ಯಾವ ಹುಡುಗಿ? ಅದು ಬರೀ ಮಾದರಿ ಕಣ್ರೀ.”

ಒಳಕೋಣೆಯಿಂದ ಯಜಮಾನರು ಗದರಿದರು. “ಅಯ್ಯೋ ಪುಣ್ಯಾತ್ಮ, ಮಾದರಿಗೆ ಯಾರಾದ್ರೂ ಸ್ವಂತ ಹೆಸರು ಹಾಕ್ತಾರೇನಪ್ಪಾ? ನಿನ್ನ ಮದುವೆಗೆ ನೀನೇ ಕಲ್ಲು ಹಾಕ್ಕೋತೀಯಲ್ಲ!”

ಅವನು ಪೆಚ್ಚಾಗಿ ಕುರ್ಚಿಯಲ್ಲಿ ಕೂತ. “ನಂಗೆ ಗೊತ್ತಿರಲಿಲ್ಲ...”

“ಹಾಗಾದ್ರೆ ಇನ್ನೊಂದು ಹೆಸರು ಯಾಕೆ ಖಾಲಿ ಬಿಟ್ರಿ?” ಅವಳು ಕೇಳಿದಳು.

“ಹಾಕ್ಬೇಕು ಅನ್ನಿಸಿದ್ದು ಒಂದೇ ಹೆಸರು. ಅವರನ್ನ ಕೇಳದೆ ಹೇಗೆ ಹಾಕ್ಲಿ? ಕಾರ್ಡು ಜೋಡಿಸೋರು ಅವರೇ ಅಲ್ವಾ... ಖಾಲಿ ಜಾಗ ನೋಡಿ ಕೇಳ್ತಾರೆ ಅಂತ ಕಾದೆ.”

ಅವಳು ಆ ಕಾರ್ಡನ್ನು ಮತ್ತೆ ತೆರೆದಳು. ಲೆಕ್ಕವಿಲ್ಲದಷ್ಟು ಜೋಡಿ ಹೆಸರು ಕೂರಿಸಿದ ಬೆರಳುಗಳು ಮೊದಲ ಸಲ ಅವಳದೇ ಹೆಸರನ್ನು ಆ ಖಾಲಿ ಜಾಗದಲ್ಲಿ ಕೂರಿಸಿದವು.

ಅವನು ಎದ್ದು ಬಂದು ಪರದೆ ನೋಡಿದ.

“ಈಗ ಇದು ಮಾದರಿ ಅಲ್ಲ, ಅಲ್ವಾ?”

“ಅಲ್ಲ. ಯಜಮಾನರಿಗೂ ಕೇಳಿಸೋ ಹಾಗೆ ಹೇಳಿ.”

“ಊಹೂಂ... ಇದು ಮೆಲ್ಲಗೆ ಹೇಳೋ ಮಾತು.”