ಹೊಸನಗರದ ಖಾಲಿ ಫ್ಲಾಪಿಗಳು

"ಟೀಚರ್, ನಾನು ಅಳಿಸಿಲ್ಲ. ಸಂಜೆ ಕಮಿಟಿ ಸೇರ್ತದೆ, ನನ್ನನ್ನ ಕೆಲಸದಿಂದ ತೆಗೀತಾರೆ" ಎಂದು ಸೊಸೈಟಿಯ ಗುಮಾಸ್ತೆ ವೇದಾವತಿ ಬಾಗಿಲಲ್ಲೇ ಅತ್ತಳು.

ಹೂವಯ್ಯನಿಗೆ ಎದ್ದು ಕೊಡೆ ಹುಡುಕಲೂ ಬೇಸರ. ಅವನ ಅತ್ತಿಗೆ ತುಂಗಮ್ಮ ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಹೊಸನಗರದಲ್ಲಿ ಏನೇ ಕಳೆದರೂ ಜನ ಈ ಮನೆಗೇ ಬರುತ್ತಿದ್ದರು. ಅವರ ಹಿಂದೆ ಹಿಂದೆ ಅಲೆಯುವವನು ಇವನು.

ಅದು 1988ರ ಮಳೆಗಾಲ. ಭತ್ತದ ಸೊಸೈಟಿಯ ಕಂಪ್ಯೂಟರ್ ಕೆಟ್ಟು, ಗೋದಾಮಿನಲ್ಲಿ ಯಾರ ಭತ್ತ ಎಷ್ಟಿದೆ ಎಂಬ ವಿವರವೆಲ್ಲ ಹೋಗಿತ್ತು. ರಿಪೇರಿಯಾದ ಮೇಲೆ ಹಾಕಿದರೆ, ವೇದಾವತಿ ವಾರವಾರ ನಕಲು ಇಳಿಸಿ ಬೀರುವಿನಲ್ಲಿಟ್ಟಿದ್ದ ಫ್ಲಾಪಿಗಳಲ್ಲಿ ಒಂದನ್ನೂ ಅದು ಓದಲಿಲ್ಲ.

"ಬೀರುವಿನ ಕೀಲಿಕೈ ಇರೋದು ಅವಳ ಹತ್ರ, ನನ್ನ ಹತ್ರ, ಅಷ್ಟೇ" ಎಂದರು ಸೊಸೈಟಿ ಆಫೀಸಿನಲ್ಲಿ ಸೆಕ್ರೆಟರಿ ಸೀತಾರಾಮಪ್ಪ. "ರಜೆ ಕೊಟ್ಟಿಲ್ಲ ಅಂತ ಮೊನ್ನೆ ಜಗಳ ಬೇರೆ ಆಡಿದ್ಲು. ಇನ್ನೆಂಥ ಪತ್ತೆ ಮಾಡೂದು, ತುಂಗಮ್ಮ?"

ಹೂವಯ್ಯ ಬೀಡಿ ಹಚ್ಚಲು ಗೀರಿದ ಕಡ್ಡಿಗಳೆಲ್ಲ ಥಂಡಿಗೆ ಪುಡಿಯಾದವು. ಸೀತಾರಾಮಪ್ಪನವರ ಕಡ್ಡಿ ಒಂದೇ ಗೀರಿಗೆ ಹತ್ತಿತು.

"ನಿಮ್ಮ ಬೆಂಕಿಪೆಟ್ಟಿಗೆಗೆ ಮಳೆಗಾಲವೇ ಇಲ್ವಾ ಮಾರಾಯ್ರೆ?" ಎಂದ ಹೂವಯ್ಯ.

"ನನ್ನ ಆಫೀಸಲ್ಲಿ ಯಾವುದಕ್ಕೂ ಬೂಷ್ಟು ಹಿಡಿಯಕ್ಕೆ ಬಿಡಲ್ಲ!"

ತುಂಗಮ್ಮ ಕಂಪ್ಯೂಟರಿನ ಪಕ್ಕದಲ್ಲಿ ಗುಂಯ್‌ಗುಡುತ್ತಿದ್ದ, ಕರೆಂಟಿನ ಏರಿಳಿತ ತಡೆಯುವ ಸ್ಟೆಬಿಲೈಸರ್ ಮುಟ್ಟಿ ನೋಡಿದರು. ಬೆಚ್ಚಗಿತ್ತು.

ಸಂಜೆ ಕಮಿಟಿಯ ಎದುರು ವೇದಾವತಿ ಹೊಸ ಫ್ಲಾಪಿಯೊಂದಕ್ಕೆ ನಾಲ್ಕು ಹೆಸರು ಇಳಿಸಿ ಓದಿ ತೋರಿಸಿದಳು. ತುಂಗಮ್ಮ ಅದನ್ನು ಸ್ಟೆಬಿಲೈಸರಿನ ಮೇಲಿಟ್ಟರು. ಎಲ್ಲರೂ ಚಹಾ ಕುಡಿದ ಮೇಲೆ ಮತ್ತೆ ಹಾಕಿದರೆ ಕಂಪ್ಯೂಟರ್ ಅದನ್ನು ಓದಲಿಲ್ಲ.

"ಇದರೊಳಗಿನ ತಂತಿಸುರುಳಿ ಕರೆಂಟು ಹರಿವಾಗ ಅಯಸ್ಕಾಂತ ಆಗ್ತದೆ" ಎಂದರು ತುಂಗಮ್ಮ. "ಫ್ಲಾಪಿ ಮೇಲಿನ ಬರವಣಿಗೆಯೂ ಅಯಸ್ಕಾಂತದ ಗುರುತೇ. ಆ ಅಯಸ್ಕಾಂತ ಈ ಗುರುತನ್ನ ಒರೆಸಿತು. ಈ ಥಂಡೀಲಿ ಕಡ್ಡಿ ಒಣಗಿರಬೇಕಾದ್ರೆ ಅದು ಬೆಚ್ಚಗಿನ ಜಾಗದಲ್ಲಿರಬೇಕು. ಇಲ್ಲಿ ಬೆಚ್ಚಗಿರೋದು ಇದೊಂದೇ. ಬೀರುವಿನ ಇನ್ನೊಂದು ಕೀಲಿಕೈಯೂ ಕಡ್ಡಿ ಒಣಗಿಸೋರ ಹತ್ರವೇ ಇತ್ತು. ಅಲ್ವಾ, ಸೀತಾರಾಮಪ್ಪ?"

ಸೀತಾರಾಮಪ್ಪ ಸ್ಟೆಬಿಲೈಸರಿನತ್ತ ತಿರುಗಿದರು. "ಬೂಷ್ಟು ಹಿಡೀತದೆ ಅಂತ... ಇವಳು ಊಟಕ್ಕೆ ಹೋದಾಗೆಲ್ಲ ಫ್ಲಾಪಿಗಳನ್ನೂ ತೆಗೆದು ಇದರ ಮೇಲೆ ಬೆಚ್ಚಗೆ ಇಡ್ತಿದ್ದೆ. ಮನೇಲಿ ಒಲೆ ಹತ್ರ ಉಪ್ಪು ಇಟ್ಟ ಹಾಗೆ."

"ಹಂಗಾರೆ ಇವರನ್ನ ತೆಗೀಬೇಕಾ?" ಎಂದರು ಅಧ್ಯಕ್ಷ ಮಂಜಯ್ಯ.

"ಯಾರನ್ನೂ ತೆಗೀಬೇಡಿ" ಎಂದ ತುಂಗಮ್ಮನ ದನಿ ದಣಿದಿತ್ತು. "ಇನ್ಮೇಲೆ ಒಂದು ನಕಲು ಬೇರೆ ಮನೇಲಿರಲಿ. ವೇದಾ, ಆ ಫ್ಲಾಪಿಗಳು ಓದ್ತಾವಾ ಅಂತ ಒಂದು ಸಲನಾದ್ರೂ ಹಾಕಿ ನೋಡಿದ್ಯಾ?"

"ಇಲ್ಲ ಟೀಚರ್" ಎಂದಳು ವೇದಾವತಿ.

"ನಾಳೆ ಬೇಗ ಬಾ ತಂಗೀ. ಮೊದಲಿಂದ ಬರೀಬೇಕು" ಎಂದರು ಮಂಜಯ್ಯ.

"ನಾಳೆ ಯಾಕೆ" ಎಂದು ವೇದಾವತಿ ಅಲ್ಲೇ ಕೂತಳು. ಮೊದಲ ಹೆಸರು ಬರೆದು ಫ್ಲಾಪಿಗೆ ಇಳಿಸಿದಳು. ಹೊರಗೆ ತೆಗೆದಳು. ಮತ್ತೆ ಹಾಕಿ ಓದಿ ನೋಡಿದಳು.