ಹಿಂದಿನ ಸೀಟು

ಎಷ್ಟು ಒರೆಸಿದರೂ ಬಿಳುಪು ಹೋಗಲಿಲ್ಲ. ಪುಟ್ಟ ಪ್ಲಾಸ್ಟಿಕ್ ವಿಮಾನದ ಸೀಟುಗಳ ಮೇಲಿನ ಗಾಜಿನಂಥ ಮುಚ್ಚಳ ಪೂರ್ತಿ ಮಬ್ಬಾಗಿತ್ತು. ಅವಳು ಬಟ್ಟೆ ಕೆಳಗಿಟ್ಟಳು.

ಸೋದರಮಾವನ ಮಾದರಿ ವಿಮಾನಗಳ ಅಂಗಡಿ ನೋಡಿಕೊಳ್ಳುವ ಅವಳಿಗೆ ಎರಕ ಹೊಯ್ದ ಡೈಕಾಸ್ಟ್ ವಿಮಾನಗಳೆಂದರೆ ಪ್ರಾಣ. ಲೋಹದ ಆ ತೂಕ, ಅಂಗೈಗೆ ತಾಗುವ ಆ ತಂಪು. ಶನಿವಾರ ತಪ್ಪದೆ ಬಣ್ಣ ಕೊಳ್ಳುವ ನೆಪದಲ್ಲಿ ಬರುವ ಡ್ರಾಯಿಂಗ್ ಮೇಷ್ಟ್ರಿಗೆ ಪ್ಲಾಸ್ಟಿಕ್ ಕಿಟ್‌ಗಳ ಹುಚ್ಚು. ಚೂರು ಚೂರು ಅಂಟಿಸಿ, ಕೈಯಾರೆ ಬಣ್ಣ ಬಳಿಯಬೇಕು.

"ನಿಮ್ದು ಊದಿದ್ರೆ ಹಾರಿಹೋಗುತ್ತೆ, ಮೇಷ್ಟ್ರೇ."

"ವಿಮಾನ ಅಲ್ವೇನ್ರೀ, ಹಾರ್ಲಿ ಬಿಡಿ."

ಹೋದ ವಾರ ಅವನು ತಾನೇ ಮಾಡಿದ ಈ ಎರಡು ಸೀಟಿನ ವಿಮಾನ ತಂದು, "ಶೋಕೇಸ್‌ನಲ್ಲಿಡಿ. ಸ್ವಲ್ಪ ಬಗ್ಗಿ ಒಳಗೆ ನೋಡಿ" ಅಂದಿದ್ದ, ಕಣ್ಣು ತಪ್ಪಿಸುತ್ತ. ಪ್ಲಾಸ್ಟಿಕ್‌ನಲ್ಲಿ ನೋಡುವುದೇನಿದೆ ಅಂತ ಅವಳು ಬಗ್ಗಿರಲಿಲ್ಲ.

ಇವತ್ತು ಧೂಳು ಒರೆಸುವಾಗ, ಡೈಕಾಸ್ಟ್ ಹಿಡಿದು ರೂಢಿಯಾದ ಕೈ ಅದನ್ನೂ ಗಬಕ್ಕನೆ ಎತ್ತಿತು. ಚಕ್ರದ ಕಾಲು ಲಟಕ್ಕೆಂದಿತು. ಯಾರಿಗೂ ಗೊತ್ತಾಗದಿರಲೆಂದು ಸೂಪರ್ ಗ್ಲೂ ಹಚ್ಚಿ ಡಬ್ಬಿಯಲ್ಲಿ ಮುಚ್ಚಿಟ್ಟಳು. ಅಂಟಿನ ಆವಿ ವಿಮಾನದ ಮುಚ್ಚಳಕ್ಕೆ ಬಿಳಿಯಾಗಿ ಹಿಡಿಯಿತು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅನ್ನುವಂತಾಯಿತು.

ಬಾಗಿಲಲ್ಲಿ ಅವನೇ ನಿಂತಿದ್ದ.

"ಒಳಗೆ ನೋಡಿದ್ರಾ?"

ಬಿಸಿಲಿಗೆ ಹೀಗಾಯ್ತು ಅನ್ನುವ ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಆ ಆಸೆಗಣ್ಣು ನೋಡಿ ನುಂಗಿಕೊಂಡಳು.

"ಕಾಲು ಮುರಿದಿದ್ದು ನಾನು. ಮುಚ್ಚಿಡೋಕೆ ಹೋಗಿ ಇದನ್ನೂ ಹಾಳು ಮಾಡಿದೆ. ಒಳಗಂತೂ ನೋಡೇ ಇಲ್ಲ. ಪ್ಲಾಸ್ಟಿಕ್ ತಾನೇ ಅಂದ್ಕೊಂಡೆ." ವಿಮಾನವನ್ನು ಅವನ ಮುಂದೆ ಸರಿಸಿದಳು. "ಇನ್ಮೇಲೆ ನೀವು ಶನಿವಾರ ಬರ್ದೇ ಇದ್ರೂ ನಿಮ್ಮ ತಪ್ಪಿಲ್ಲ."

ಅವನು ಮೇಜಿನ ಮೇಲಿದ್ದ ಬ್ಲೇಡ್ ತೆಗೆದುಕೊಂಡು, ಅಂಚಿನ ಸುತ್ತ ನಿಧಾನಕ್ಕೆ ಆಡಿಸಿ ಮುಚ್ಚಳ ಬಿಡಿಸಿದ. ವಿಮಾನವನ್ನು ಅವಳ ಕಡೆ ತಿರುಗಿಸಿದ.

ಈ ಸಲ ಅವಳು ಬಗ್ಗಿದಳು. ಮುಂದಿನ ಸೀಟಿನಲ್ಲಿ ಮೇಷ್ಟ್ರದೇ ಉದ್ದ ಮೂಗಿನ ಪೈಲಟ್. ಹಿಂದೆ, ಉಗುರಿಗಿಂತ ಚಿಕ್ಕ ಹೆಣ್ಣು. ದುಂಡು ಕನ್ನಡಕ, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್. ಅವಳ ಕೈ ತನ್ನಷ್ಟಕ್ಕೆ ತನ್ನ ತುರುಬು ಮುಟ್ಟಿತು. ಪೆನ್ಸಿಲ್ ಅಲ್ಲೇ ಇತ್ತು.

"ವಾರವಿಡೀ ಇವಳು ಇಲ್ಲೇ ಕೂತಿದ್ಲು" ಅಂದಳು, ಕಣ್ಣು ತುಂಬಿ. "ನಾನು ಒಂದ್ಸಲಾನೂ ಬಗ್ಗಲಿಲ್ಲ."

"ಮುಚ್ಚಳ ಇನ್ನೊಂದು ಮಾಡ್ಬಹುದು. ಇವಳನ್ನ ಇಳಿಸ್ಲಾ, ಇರ್ಲಿ ಅಂತೀರಾ, ಅದನ್ನ ಹೇಳಿ."

"ಇರ್ಲಿ." ಅವಳು ಅಂಗೈ ಒರೆಸಿಕೊಂಡು, ಬೆರಳ ತುದಿಯಲ್ಲಿ ವಿಮಾನ ಹಿಡಿದಳು. "ಕಾಲು ನೀವೇ ಸರಿಯಾಗಿ ಅಂಟಿಸಿ. ನಾನು ಹಿಡ್ಕೊಂಡಿರ್ತೀನಿ, ಮೆಲ್ಲಗೆ."